ಅಂಚಿನ ಎತ್ತರ

ಅಕ್ಕನ ಕೋಣೆಯಿಂದ ಕತ್ತರಿಯ ಸದ್ದು ಬರುತ್ತಿತ್ತು. ಹೆಂಡತಿ ಹಳೆಯ ಹೊದಿಕೆಯನ್ನೋ ಏನನ್ನೋ ಕತ್ತರಿಸುತ್ತಿರಬೇಕು ಎಂದುಕೊಂಡು ಅವನು ಮೇಜಿನ ಮೇಲಿದ್ದ ಬೇಸಿನ್ನನ್ನು ಮೆತ್ತನೆಯ ಬಟ್ಟೆಯಿಂದ ಇನ್ನೊಮ್ಮೆ ಒರೆಸಿದ. ತಿಳಿನೀಲಿ ಪ್ಲಾಸ್ಟಿಕ್ಕು. ಕತ್ತು ಇಡುವ ಕಡೆ ಅರ್ಧಚಂದ್ರದಂಥ ತಗ್ಗು, ಉಳಿದ ಸುತ್ತಲೂ ಎತ್ತರದ ಅಂಚು, ತಳದಲ್ಲಿ ನೀರು ಇಳಿದುಹೋಗುವ ತೂತು, ತೂತಿಗೊಂದು ಪೈಪು. ಹಾಸಿಗೆ ಹಿಡಿದವರ ತಲೆಯನ್ನು ಮಲಗಿದಲ್ಲೇ ತೊಳೆಯಬಹುದು, ಹಾಸಿಗೆಯ ಮೇಲೆ ಒಂದು ಹನಿ ಬೀಳುವುದಿಲ್ಲ. ಈ ಮಾತನ್ನು ಹಲ್ಲುಜ್ಜುವಾಗಿನಿಂದ ಬಾಯಿಪಾಠ ಮಾಡುತ್ತಿದ್ದ. ‘ಒಂದು ಹನಿ’ ಎನ್ನುವಲ್ಲಿ ತುಸು ನಿಲ್ಲಬೇಕು, ನಿಂತು ಮೇಟ್ರನ್ನರ ಮುಖ ನೋಡಬೇಕು, ಆಮೇಲೆ ಮುಂದುವರಿಯಬೇಕು. ದೊಡ್ಡಾಸ್ಪತ್ರೆಯ ಮೇಟ್ರನ್ ತಾವಾಗಿಯೇ ಇವತ್ತು ಮನೆಗೆ ಬಂದು ನೋಡುತ್ತೇನೆ ಅಂದದ್ದು ಸಣ್ಣ ಮಾತಲ್ಲ. ಇಷ್ಟು ವರ್ಷ ಬಕೆಟ್ಟು, ಮಗ್ಗು, ಬಟ್ಟೆ ನೆನೆಹಾಕುವ ಟಬ್ಬು ಮಾಡಿಕೊಂಡು ಬಂದವನು ಅವನು. “ಊರಲ್ಲಿ ಎಲ್ಲರೂ ಬಕೆಟ್ ಹಿಡಿಯೋರೇ, ನಮ್ಮನೇಲಿ ಮಾತ್ರ ಬಕೆಟ್ ಮಾಡೋನೊಬ್ಬ ಇದಾನೆ” ಎಂದು ಅಕ್ಕ ಮನೆಗೆ ಬಂದವರನ್ನೆಲ್ಲ ನಗಿಸುತ್ತಿದ್ದಳು. ಅವನೂ ನಗುತ್ತಿದ್ದ. ನಕ್ಕ ಮೇಲೆ ಒಳಗೆಲ್ಲೋ ಒಂದು ಮುಳ್ಳು ಹಾಗೇ ಉಳಿಯುತ್ತಿತ್ತು. ಬಕೆಟ್ಟನ್ನು ಯಾರು ಬೇಕಾದರೂ ಮಾಡುತ್ತಾರೆ. ಇದನ್ನು ಮಾತ್ರ ತಾನೇ ಯೋಚಿಸಿ ಮಾಡಿದ್ದು, ಅಕ್ಕನನ್ನು ನೋಡಿ ಮಾಡಿದ್ದು.

ನೋಡಿ ಮಾಡಿದ್ದು ಎಂಬುದರಲ್ಲಿ ಸುಳ್ಳಿರಲಿಲ್ಲ. ನೋಡುವುದೇ ಅವನ ಚಾಳಿ. ಚಿಕ್ಕವನಿದ್ದಾಗ ಅಲಾರಂ ಗಡಿಯಾರ ಬಿಚ್ಚಿ ಕೂತರೆ ಊಟದ ಪರಿವೆ ಇರುತ್ತಿರಲಿಲ್ಲ. ಅಕ್ಕ ಎದುರಿಗೆ ಕೂತು ಅಂಗೈಯಲ್ಲಿ ಅದರ ಸ್ಕ್ರೂಗಳನ್ನು ಹಿಡಿದುಕೊಂಡಿರುತ್ತಿದ್ದಳು, ಕೈ ಬೆವತರೂ ಬೀಳಿಸುತ್ತಿರಲಿಲ್ಲ. ಈ ಬೇಸಿನ್ನಿಗಾಗಿ ಅವನು ಒಂದು ಫುಟ್‌ಬಾಲಿಗೆ ಉಣ್ಣೆಯ ಎಳೆ ಸುತ್ತಿ, ಅದನ್ನೇ ತಲೆಯೆಂದುಕೊಂಡು, ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು ಅದರ ಮೇಲೆ ನೀರು ಸುರಿದು ಸುರಿದು ನೋಡಿದ್ದ. ನೊರೆ ಎಲ್ಲಿ ನಿಲ್ಲುತ್ತದೆ, ಕೂದಲು ತೂತಿಗೆ ಅಡ್ಡ ಬಂದಾಗ ನೀರು ಯಾವ ಕಡೆ ತಿರುಗುತ್ತದೆ, ಅಂಚು ಇನ್ನೆಷ್ಟು ಎತ್ತರವಿದ್ದರೆ ಆಚೆ ಸಿಡಿಯುವುದಿಲ್ಲ. ಅದರಲ್ಲಿ ಒಂದು ಬಗೆಯ ಸುಖವಿತ್ತು. ಒಂದು ಮಧ್ಯಾಹ್ನ ಅಕ್ಕ ನಿದ್ದೆ ಹೋಗಿದ್ದಾಗ ಚಪ್ಪಲಿ ಬಿಟ್ಟು ಬೆಕ್ಕಿನ ಹೆಜ್ಜೆ ಹಾಕಿ ಅವಳ ಕೋಣೆಗೆ ಹೋಗಿ ಟೇಪಿನಿಂದ ಕತ್ತಿನ ಸುತ್ತಳತೆ ತೆಗೆದುಕೊಂಡಿದ್ದ. ಟೇಪಿನ ತುದಿ ಅವಳ ಕಿವಿಯ ಹಿಂದೆ ತಗುಲಿದಾಗ ರೆಪ್ಪೆಗಳು ಒಂದಿಷ್ಟು ಅದುರಿದವು. ಎಚ್ಚರವಾಗಲಿಲ್ಲ ಸದ್ಯ, ಅಂದುಕೊಂಡು ಹೊರಗೆ ಬಂದವನಿಗೆ ತಾನು ಉಸಿರು ಹಿಡಿದುಕೊಂಡಿದ್ದು ಆಮೇಲೆ ಗೊತ್ತಾಗಿತ್ತು. ಅಳತೆ ಸರಿಯಾಗಿ ಸಿಕ್ಕಿತು. ಆದರೆ ಆ ಹಿಡಿದ ಉಸಿರು ಯಾಕೆ ನೆನಪಾಗುತ್ತಿರುತ್ತದೋ, ಅದು ತಿಳಿಯುತ್ತಿರಲಿಲ್ಲ.

ಕೋಣೆಯ ಬಾಗಿಲು ತೆರೆದು ಹೊರಗೆ ಬಂದವಳು ಹೆಂಡತಿಯಲ್ಲ, ಬೀದಿಯ ತಿರುವಿನಲ್ಲಿರುವ ಪಾರ್ಲರಿನ ಹೆಂಗಸು. ಕೈಯಲ್ಲಿ ಚೀಲ, ಚೀಲದ ಬಾಯಲ್ಲಿ ಇಣುಕುವ ಬಾಚಣಿಗೆ. “ಎಲ್ಲ ಗುಡಿಸಿದೀನಿ ಸರ್. ಅವರೇ ಫೋನ್ ಮಾಡಿ ಕರೆಸಿದ್ರು” ಎಂದು, ಯಾರೋ ತನ್ನ ಮೇಲೆ ತಪ್ಪು ಹೊರಿಸಿದರೇನೋ ಎಂಬಂತೆ ಅವಸರದಿಂದ ಚಪ್ಪಲಿ ಮೆಟ್ಟಿದಳು. ಅವನು ಒಳಗೆ ಇಣುಕಿದ. ದಿಂಬಿನ ಮೇಲೆ ಅಕ್ಕನ ತಲೆ ಬೋಳಾಗಿರಲಿಲ್ಲ, ಆದರೆ ಹೆಚ್ಚು ಕಡಿಮೆ ಹಾಗೇ. ಸೊಂಟ ಮುಟ್ಟುತ್ತಿದ್ದ ಕೂದಲು ಮೂಲೆಯಲ್ಲಿದ್ದ ವೃತ್ತಪತ್ರಿಕೆಯ ಪೊಟ್ಟಣದಲ್ಲಿತ್ತು. ಅಕ್ಕನ ಕಿವಿಗಳು ಇಷ್ಟು ಚಿಕ್ಕವೆಂದು ಅವನಿಗೆ ಗೊತ್ತೇ ಇರಲಿಲ್ಲ. “ಏನಕ್ಕ ಇದು” ಅನ್ನುವಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು.

ಮೇಟ್ರನ್ ಗಟ್ಟಿಮುಟ್ಟಾದ ಹೆಂಗಸು. ಕೂತಲ್ಲಿ ಕೂರದೆ ಎಲ್ಲವನ್ನೂ ಬೆರಳಿನಿಂದ ತಟ್ಟಿ ನೋಡುವ ಸ್ವಭಾವ. ಅವರನ್ನು ಕೋಣೆಯೊಳಗೆ ಕರೆದುಕೊಂಡು ಹೋಗುವಾಗ ಅವನ ಬಾಯಿಪಾಠವೆಲ್ಲ ಗಂಟಲಲ್ಲೇ ಉಳಿಯಿತು. “ಇವರು ನಮ್ಮಕ್ಕ, ಇವತ್ತು ಇವರಿಗೇ ತೊಳೆದು ತೋರಿಸೋಣ ಅಂತ…” ಎಂದು ಶುರು ಮಾಡಿದವನು ಮುಂದೆ ಹೇಳಲಾರದೆ ಬೇಸಿನ್ನನ್ನು ಎದೆಗವಚಿಕೊಂಡು ನಿಂತ. ಪರೀಕ್ಷೆಗೆ ಕೂತು ಖಾಲಿ ಹಾಳೆ ಕೊಟ್ಟವನ ಹಾಗೆ ಕಿವಿ ಬಿಸಿಯಾಯಿತು. ಅಕ್ಕ ಅವನನ್ನು ನೋಡಲೇ ಇಲ್ಲ. ನಗುತ್ತ ಮೇಟ್ರನ್ನರ ಕಡೆ ತಿರುಗಿ, “ತೊಳೆಯೋಕೆ ಏನೂ ಉಳಿದಿಲ್ಲ ಮೇಡಂ. ಬಂದಿದ್ದಕ್ಕೆ ಟೀ ಕುಡ್ಕೊಂಡು ಹೋಗಿ” ಅಂದಳು.

ಮೇಟ್ರನ್ ಒಂದು ಗಳಿಗೆ ಅವಳ ತಲೆಯನ್ನು ನೋಡಿದರು. “ನಮ್ಮ ವಾರ್ಡಲ್ಲೂ ಕೆಲವರು ಹೀಗೇ ಮಾಡ್ತಾರೆ. ಯಾಕಮ್ಮಾ ಅಂದ್ರೆ ಸೆಖೆ ಅಂತಾರೆ.”

“ನಂಗೂ ಸೆಖೆನೇ” ಅಂದಳು ಅಕ್ಕ.

ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡಿದ್ದ ಅವನು. ಮುಗಿಯಲಿಲ್ಲ. ಮೇಟ್ರನ್ ಬೇಸಿನ್ನನ್ನು ಅವನ ಕೈಯಿಂದ ತೆಗೆದುಕೊಂಡು ಬಚ್ಚಲಿಗೆ ಹೋಗಿ ತಾವೇ ನೀರು ಸುರಿದು ನೋಡಿದರು, ಅಂಚನ್ನು ಬಾಗಿಸಿ ನೋಡಿದರು, ಪೈಪನ್ನು ಎಳೆದು ನೋಡಿದರು. ನೀರು ಅವನು ಹೇಳಿದ್ದಂತೆಯೇ, ಒಂದು ಹನಿ ಆಚೆ ಹೋಗದೆ, ಸದ್ದಿಲ್ಲದೆ ಇಳಿದುಹೋಯಿತು. “ನಮ್ಮ ನರ್ಸುಗಳಿಗೆ ಒಂದು ತಲೆ ತೊಳೆಯೋ ಹೊತ್ತಿಗೆ ಸಾಕು ಸಾಕಾಗಿ ಹೋಗತ್ತೆ. ಇದು ಕೆಲಸಕ್ಕೆ ಬರತ್ತೆ ಕಣ್ರೀ. ಎಲ್ಲ ವಾರ್ಡಿಗೂ ಕಳಿಸಿ” ಎಂದು ಕೈ ಒರೆಸಿಕೊಂಡು ಟೀ ಕುಡಿದು ಹೊರಟರು. ಅವನು ಅವರನ್ನು ಕಾರಿನ ತನಕ ಬಿಟ್ಟು ಬಂದ. ಕಾರ್ಖಾನೆಗೆ ಫೋನ್ ಮಾಡಿ, ಪಾಲುದಾರನಾಗಿದ್ದ ಹೆಂಡತಿಯ ಅಣ್ಣನಿಗೆ ವಿಷಯ ತಿಳಿಸಿದ. ಆ ಕಡೆಯಿಂದ “ಮೆಷಿನ್ ಹಾಕ್ತೀನಿ ಭಾವ, ಇವತ್ತೇ ಹಾಕ್ತೀನಿ” ಎಂಬ ಮಾತು ಕೇಳಿಸಿತು, ಬೆನ್ನಿಗೇ ಯಾರನ್ನೋ ಕೂಗಿ ಕರೆದದ್ದು ಕೇಳಿಸಿತು. ಫೋನ್ ಇಟ್ಟ. ಸಂತೋಷವಾಗಬೇಕಿತ್ತು. ಇಡೀ ಮನೆಯಲ್ಲಿ ಅದನ್ನು ಹೇಳಿಕೊಳ್ಳಬೇಕೆನಿಸಿದ್ದು ಒಬ್ಬಳಿಗೆ, ಅವಳ ಕೋಣೆಗೆ ಹೋಗಲು ಕಾಲು ಏಳಲಿಲ್ಲ. ಗೆದ್ದ ದಿನ ಹೀಗಿರುತ್ತದೆಯೇ ಎಂದು ಅಂಗಳದ ಮೆಟ್ಟಿಲ ಮೇಲೆ ಕೂತು ಎದುರುಮನೆಯ ಗೋಡೆಯ ಸುಣ್ಣ ಎದ್ದ ಜಾಗಗಳನ್ನು ನೋಡುತ್ತಿದ್ದ. ಅಕ್ಕ ಅವನಿಗೆ ಕಾರು ಕಲಿಸಿದ್ದು ಇದೇ ಬೀದಿಯಲ್ಲಿ. ಅವನಿಗೊಬ್ಬನಿಗೇ ಅಲ್ಲ, ಅರ್ಧ ಊರಿಗೆ ಕಲಿಸಿದವಳು. ಅವಳ ಡ್ರೈವಿಂಗ್ ಸ್ಕೂಲಿನ ಹಳದಿ ಕಾರು ಕಂಡರೆ ಬೀದಿಯ ನಾಯಿಗಳೂ ಪಕ್ಕಕ್ಕೆ ಸರಿಯುತ್ತಿದ್ದವು. ಪಕ್ಕದ ಸೀಟಿನಲ್ಲಿ ಕೂತು ಅವಳು ಬೈಯುತ್ತಿರಲಿಲ್ಲ. ಕಾರು ಚರಂಡಿಯ ಕಡೆ ಹೊರಳಿದಾಗ ಒಂದೇ ಒಂದು ಬೆರಳಿನಿಂದ ಸ್ಟೀರಿಂಗನ್ನು ಮುಟ್ಟಿ, ಕಲಿಯುವವನಿಗೆ ತಾನೇ ತಿರುಗಿಸಿದೆ ಅನ್ನಿಸುವ ಹಾಗೆ ತಿರುಗಿಸಿಬಿಡುತ್ತಿದ್ದಳು. ಬೆನ್ನಿಗೆ ಆಪರೇಷನ್ನಾಗಿ, ಅದು ಸರಿಹೋಗದೆ ಇನ್ನೊಂದಾಗಿ, ಕೂತರೆ ಬೆನ್ನು ಹಿಡಿದುಕೊಳ್ಳುವ ಸ್ಥಿತಿಗೆ ಬಂದ ಮೇಲೆ ಆ ಕಾರನ್ನು ಯಾರಿಗೋ ಕೊಟ್ಟಾಯಿತು. ಕೊಟ್ಟ ದಿನವೂ ಅವಳು ಹೀಗೇ ನಕ್ಕಿದ್ದಳು, ಯಾರಿಗೂ ಒಳಗೆ ಬರಲು ಎಡೆ ಇಲ್ಲದ ಹಾಗೆ.

ಕೊನೆಗೆ ಎದ್ದು ಹೋದ. ಅಕ್ಕ ಪತ್ರಿಕೆಯನ್ನು ಮುಖದ ಮುಂದೆ ಹಿಡಿದುಕೊಂಡಿದ್ದಳು.

“ಯಾಕಕ್ಕ?”

“ಸೆಖೆ ಅಂದೆನಲ್ಲ.”

“ನಂಗೆ ಹೇಳಬಹುದಿತ್ತು. ಬೇಡ ಅಂದಿದ್ರೆ ನಿಲ್ಲಿಸ್ತಿದ್ದೆ.”

ಅವಳು ಪತ್ರಿಕೆ ಕೆಳಗಿಟ್ಟಳು. “ನೀನು ಅಳತೆ ತಗೊಂಡಾಗ ನಾನು ಎಚ್ಚರವಾಗೇ ಇದ್ದೆ.”

ಅವನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಟೇಬಲ್ ಫ್ಯಾನಿನ ಮೇಲೆ ಕೂತಿದ್ದ ಧೂಳನ್ನು ನೋಡಿದ. “ಮತ್ತೆ ಯಾಕೆ ಮಾತಾಡಲಿಲ್ಲ?”

“ಕಳ್ಳನ ಥರ ಬಂದಿದ್ದೆ. ಕಣ್ಣು ಬಿಟ್ರೆ ನಿನ್ನ ಮುಖ ಸಣ್ಣಗಾಗತ್ತೆ ಅಂತ ಮುಚ್ಕೊಂಡೇ ಇದ್ದೆ.” ಪತ್ರಿಕೆಯನ್ನು ಮಡಿಸುತ್ತ ಅಂದಳು: “ಬರ್ತೀಯ, ನೋಡ್ತೀಯ, ಹೋಗ್ತೀಯ. ನೀನು ಕೋಣೆಗೆ ಬಂದ್ರೆ ನನ್ನ ಕತ್ತಿಗೆ ಮೊದಲು ಗೊತ್ತಾಗತ್ತೆ. ನಂಗೆ ಆಮೇಲೆ.”

ಅವನು ಸಮರ್ಥಿಸಿಕೊಳ್ಳಲು ಬಾಯಿ ತೆರೆದ. ನಿನಗೋಸ್ಕರವೇ ಅಲ್ಲವೇ, ಎಂಬ ಮಾತು ನಾಲಿಗೆಯ ತುದಿಗೆ ಬಂತು. ಬಂದ ಮಾತನ್ನು ಒಮ್ಮೆ ತಾನೇ ಕೇಳಿಸಿಕೊಂಡ. ಕೇಳಿದರೆ ಅದು ಪೊಳ್ಳಾಗಿತ್ತು. ಬಚ್ಚಲಲ್ಲಿ ಫುಟ್‌ಬಾಲಿನ ಮುಂದೆ ಕೂತಿದ್ದಾಗ ಅವನಿಗೆ ಅಕ್ಕನ ನೆನಪು ಒಂದು ಸಲವಾದರೂ ಬಂದಿತ್ತೇ. ನೀರಿನ ನೆನಪಿತ್ತು. ಕೂದಲಿನ ನೆನಪಿತ್ತು.

“ಸರಿ. ಆ ಬೇಸಿನ್ನಲ್ಲಿ ಏನು ತೊಂದರೆ ಅಂತ ಹೇಳು” ಅಂದ.

“ಹೇಳಿದ್ರೆ ಅದನ್ನೂ ಒಂದು ಅಳತೆ ಮಾಡ್ಕೋತೀಯ. ಹೇಳಲ್ಲ. ಮಲಕ್ಕೊ.”

“ಏನು?”

“ಕಿವಿ ಕೇಳಿಸಲ್ವಾ? ಆ ಮಂಚದ ಮೇಲೆ ಮಲಕ್ಕೊ” ಎಂದು ಕಿಟಕಿಯ ಪಕ್ಕದ ಮಂಚ ತೋರಿಸಿದಳು. ಹಿಂದೆ ಕಾರು ಕಲಿಸುವಾಗ ಇದ್ದ ದನಿ ಅದು. ಆ ದನಿಗೆ ಎದುರಾಡಿ ಅಭ್ಯಾಸವಿರಲಿಲ್ಲ ಅವನಿಗೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ಮೊದಲು ನಕ್ಕಳು, ಅತ್ತಿಗೆಯ ಮುಖ ನೋಡಿ ನಗು ನಿಲ್ಲಿಸಿ ಬಚ್ಚಲಿಂದ ಬೇಸಿನ್ನು, ನೀರು, ಮಗ್ಗು ತರಲು ಹೋದಳು.

ಮಲಗಿದ ಕೂಡಲೇ ಕೋಣೆ ಬೇರೆಯಾಯಿತು. ಗೋಡೆಗಳು ಹೋಗಿ ಬರೀ ಚಾವಣಿ ಉಳಿಯಿತು, ಚಾವಣಿಯಲ್ಲಿ ಕಂದು ಬಣ್ಣದ ನೀರಿನ ಕಲೆಯೊಂದು, ಅದಕ್ಕೆ ಯಾವ ಆಕಾರವೂ ಇಲ್ಲ. ಕತ್ತಿನ ಕೆಳಗೆ ಪ್ಲಾಸ್ಟಿಕ್ಕು ತಣ್ಣಗೆ ಒತ್ತಿತು. ಅಳತೆಯಲ್ಲಿ ತಪ್ಪಿಲ್ಲ ಎಂದು ಮನಸ್ಸಿನ ಒಂದು ಮೂಲೆ ಆಗಲೂ ಲೆಕ್ಕ ಹಾಕಿತು. ಎರಡೂ ಕಡೆ ನೀಲಿ ಅಂಚು ಕಣ್ಣಿನ ಮಟ್ಟಕ್ಕಿಂತ ಮೇಲೆ ಎದ್ದು ನಿಂತಿತ್ತು, ಕುದುರೆಗೆ ಕಟ್ಟಿದ ಕಣ್ಣುಪಟ್ಟಿಯ ಹಾಗೆ. ಅಕ್ಕನ ಹಾಸಿಗೆ ಆ ಅಂಚಿನ ಆಚೆ ಎಲ್ಲೋ ಇತ್ತು, ಕಾಣುತ್ತಿರಲಿಲ್ಲ. ಹೆಂಡತಿ ತಲೆಯ ಹಿಂದೆ ಬಂದು ನಿಂತಳು. ಅವಳ ಗದ್ದ ತಲೆಕೆಳಗಾಗಿ ಕಂಡಿತು, ಮೂಗಿನ ಎರಡು ಹೊಳ್ಳೆ ಕಂಡವು. ಇಷ್ಟು ವರ್ಷ ಸಂಸಾರ ಮಾಡಿದವಳು ಯಾರೋ ಹೊರಗಿನವಳಂತೆ ಕಂಡಳು. ಈಗ ಸುರಿಯುತ್ತಾಳೋ, ಇನ್ನೊಂದು ಗಳಿಗೆಗೋ. ಕಾಯುತ್ತ ಮುಖವೆಲ್ಲ ಬಿಗಿದುಕೊಂಡಿತು. ನೀರು ಬಿದ್ದಾಗ ಒಂದಿಷ್ಟು ನೇರ ಕಿವಿಯೊಳಗೇ ಇಳಿಯಿತು, ಹಣೆಯಿಂದ ಒಂದು ಎಳೆ ಕಣ್ಣಿನ ಕಡೆ ಹರಿಯಿತು. ಯಾರೂ ಹೇಳಿಕೊಡದೆ, ಅವನು ಯೋಚಿಸದೆ, ಎರಡೂ ಕೈ ತಾವಾಗಿ ಮೇಲೆದ್ದು ತಲೆಯ ಕಡೆ ಹೊರಟವು. ಮೊಣಕೈಗಳು ಟಪ್ಪೆಂದು ಅಂಚಿಗೆ ಬಡಿದವು. ಬೇಸಿನ್ನು ಅಲುಗಾಡಿತು.

“ಕೈ ಕೆಳಗಿಡಿ, ನೀರು ಚೆಲ್ಲತ್ತೆ” ಅಂದಳು ಹೆಂಡತಿ.

ಅಂದವಳು ಮಗ್ಗನ್ನು ಹಾಗೇ ಗಾಳಿಯಲ್ಲಿ ಹಿಡಿದು ನಿಂತುಬಿಟ್ಟಳು. ಪೈಪಿನಲ್ಲಿ ನೀರು ಇಳಿಯುವ ಸದ್ದು ಮಾತ್ರ.

“ಅತ್ತಿಗೆಗೂ ಇದನ್ನೇ ಹೇಳ್ತೀನಿ” ಎಂದಳು ಕೊನೆಗೆ, ಅವನಿಗೋ ತನಗೋ. “ತಲೆ ತೊಳೆಯೋವಾಗ ಪ್ರತಿ ಸಲ ಹೇಳ್ತೀನಿ.”

ಅವನು ಎದ್ದು ಕೂತ. ಅಂಗಿಯ ಒಳಗೆ ಬೆನ್ನಿನ ಗುಂಟ ನೀರು ಇಳಿಯಿತು. ಹಾಸಿಗೆಯಲ್ಲಿ ಅಕ್ಕನ ಎರಡು ಕೈಗಳು ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿದ್ದವು. ಉದ್ದನೆಯ, ಗಂಟುಗಂಟಾದ, ಬಿಗಿಯಾದ ಕೈಗಳು. ದಿನಾ ಪತ್ರಿಕೆ ಮಡಿಸುವ, ತಟ್ಟೆ ಹಿಡಿಯುವ, ರೇಡಿಯೋ ತಿರುಗಿಸುವ ಕೈಗಳು. ಈ ಮನೆಯಲ್ಲಿ ಅವನು ಅವುಗಳನ್ನು ನೋಡದ ದಿನವಿಲ್ಲ.

“ಬೆನ್ನು ಹೋಗಿದೆ ಕಣೋ ನಂಗೆ” ಎಂದಳು ಅಕ್ಕ. “ಕೈ ಹೋಗಿಲ್ಲ. ನನ್ನ ತಲೆ ನಾನೇ ಉಜ್ಜಿಕೊಂಡೇನು. ನೀರು ಯಾರಾದ್ರೂ ಹತ್ತಿರ ಇಟ್ರೆ, ಅಡ್ಡ ಗೋಡೆ ಕಟ್ಟದೆ ಇದ್ರೆ. ಯಾರು ಕೇಳಿದ್ರು?”

“ನಂಗೂ ಅವಸರ ಇರ್ತಿತ್ತು ಅತ್ತಿಗೆ” ಎಂದಳು ಹೆಂಡತಿ, ಟವಲನ್ನು ಹಿಂಡುತ್ತ. “ನಾನೇ ಮಾಡಿದ್ರೆ ಬೇಗ ಆಗತ್ತೆ ಅಂತ.”

“ನಿನ್ನದೇನು ತಪ್ಪಮ್ಮ. ಮನೆ ತುಂಬ ಕೆಲಸ ನಿಂಗೆ. ಇವನಿಗೆ ಮಾತ್ರ ಪುರುಸೊತ್ತಿತ್ತು.”

ಅವನು ತಲೆ ಒರೆಸಿಕೊಳ್ಳಲೂ ಇಲ್ಲ, ಹಾಗೇ ಕಾರ್ಖಾನೆಗೆ ಹೊರಟ. ದಾರಿಯಲ್ಲಿ ಜನ ನೋಡಿದರು; ಬಿಸಿಲಲ್ಲಿ ಒಬ್ಬ ಒದ್ದೆ ತಲೆಯಲ್ಲಿ ಸ್ಕೂಟರ್ ಓಡಿಸಿಕೊಂಡು ಹೋಗುವುದರಲ್ಲಿ ನಗುವಂಥದ್ದು ಇದ್ದಿರಬೇಕು. ಅವನಿಗೆ ನಾಚಿಕೆಯಿತ್ತು, ಆದರೆ ಅದು ಅವರ ಕಣ್ಣಿನಿಂದ ಬಂದದ್ದಲ್ಲ. ಆ ನಾಚಿಕೆ ಕಾಲಿಗೆ ಬಲ ಕೊಡುವಂಥದಾಗಿತ್ತು. ಶೆಡ್ಡಿನೊಳಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ. ಅಚ್ಚಿನ ಎರಡು ಭಾಗ ಉಸ್ಸೆಂದು ಬಾಯಿ ಬಿಟ್ಟು ಇನ್ನೊಂದು ನೀಲಿ ಬೇಸಿನ್ನನ್ನು ಹೊರಗೆ ತಳ್ಳಿತು. ಹೆಂಡತಿಯ ಅಣ್ಣ ಅದನ್ನು ಎತ್ತಿ ಹಿಡಿದು, “ಕನ್ನಡಿ ಹಂಗೆ ಬಂದಿದೆ ನೋಡಿ ಭಾವ” ಅಂದ.

“ಮೆಷಿನ್ ನಿಲ್ಲಿಸಿ.”

“ಏನಾಯ್ತು? ಮೇಟ್ರನ್ ಬೇಡ ಅಂದ್ರಾ?”

“ಬೇಕು ಅಂದಿದಾರೆ. ನಿಲ್ಲಿಸಿ ಭಾವ. ಅಂಚು ಎತ್ತರ ಆಗಿದೆ.”

ಹೆಂಡತಿಯ ಅಣ್ಣ ಮೆಷಿನ್ನಿನ ಗುಂಡಿ ಒತ್ತಿದ. ಶೆಡ್ಡಿನ ಸದ್ದೆಲ್ಲ ಒಮ್ಮೆಗೇ ಇಂಗಿಹೋಗಿ ಹೊರಗಿನ ಕಾಗೆಯ ಕೂಗು ಕೇಳಿಸಿತು. ಆತ ಸಿಡುಕಿನವನಲ್ಲ, ವ್ಯವಹಾರ ತಿಳಿದವನು, ತಂಗಿಯ ಗಂಡನ ತಲೆಯಲ್ಲಿ ಆಗಾಗ ಏನೋ ಹುಳ ಹೊಕ್ಕುತ್ತದೆಂದು ಗೊತ್ತಿದ್ದವನು. “ನೋಡಿ ಭಾವ, ಅಂಚು ತಗ್ಗಿಸಿದ್ರೆ ನೀರು ಚೆಲ್ಲತ್ತೆ. ನೀವೇ ಹೇಳಿದ್ದು. ಒಂದು ಹನಿ ಬೀಳಲ್ಲ ಅಂತ ಊರೆಲ್ಲ ಹೇಳ್ಕೊಂಡು ಬಂದವರು ನೀವೇ.”

“ಚೆಲ್ಲಲಿ. ಸ್ವಲ್ಪ ಚೆಲ್ಲಿದ್ರೆ ಏನಾಗತ್ತೆ, ಒಂದು ಟವಲ್ ಹಾಕ್ತಾರೆ.”

“ಅಚ್ಚು ಪೂರಾ ಬದಲಾಗಬೇಕು. ಅಷ್ಟರಲ್ಲಿ ಅವರು ಬೇರೆ ಕಡೆ ನೋಡ್ಕೋತಾರೆ. ಕೊಳ್ಳೋರು ಆಸ್ಪತ್ರೆಯವರು. ಮಲಗಿದವರಲ್ಲ.”

“ಅದೇ ಭಾವ” ಎಂದ ಅವನು. “ಒಂದು ಕೆಲಸ ಮಾಡಿ. ಮಲಕ್ಕೊಳ್ಳಿ” ಎಂದ. ಪ್ಯಾಕಿಂಗ್ ಬೆಂಚಿನ ಮೇಲೆ ಆ ಭಾರೀ ಆಳನ್ನು ಮಲಗಿಸಿ ಅವನ ತಲೆಯ ಮೇಲೆ ನೀರು ಸುರಿದಾಗ ಕೆಲಸದವರು ಕೈ ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ಮೊಣಕೈ ಅಂಚಿಗೆ ಬಡಿದ ಮೇಲೆ ಅಣ್ಣ ಬಹಳ ಹೊತ್ತು ಸೂರಿನ ತಗಡನ್ನೇ ನೋಡುತ್ತ ಮಲಗಿದ್ದ. ಎದ್ದು ಮೂಗಿನಿಂದ ನೀರು ಸೀನಿಕೊಂಡು, “ನಿಮ್ಮ ಸಹವಾಸ ಸಾಕಪ್ಪ” ಅಂದ. ಒಪ್ಪಿದನೋ ಇಲ್ಲವೋ ತಿಳಿಯಲಿಲ್ಲ. ಮೆಷಿನ್ನನ್ನು ಮಾತ್ರ ಮತ್ತೆ ಹಾಕಲಿಲ್ಲ.

ಮೇಟ್ರನ್ನರಿಗೆ ಫೋನಿನಲ್ಲಿ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಅವರು ಕೇಳಿಸಿಕೊಂಡು, “ನಮಗೆ ಬೇಕಾಗಿರೋದು ನರ್ಸುಗಳ ಕೈಗೆ ಸುಲಭ ಆಗೋದು. ನಿಮಗೆ ಆಗಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀನಿ” ಎಂದರು. ಸಿಟ್ಟಿನಿಂದಲ್ಲ, ಕೆಲಸವಿದ್ದವರು ಹೇಳುವ ಹಾಗೆ. ಅವನು ಸರಿ ಎಂದ. ಆಮೇಲೆ ಫೋನ್ ಇಡಲು ಬಿಡದೆ, ನಿಮ್ಮ ವಾರ್ಡಿಗೆ ಬಂದು ಕೂರಬಹುದೇ ಎಂದು ಕೇಳಿದ. ಮಾರಲು ಅಲ್ಲ, ಅಳೆಯಲು ಅಲ್ಲ, ಮಲಗಿದವರು ಮಾತಾಡಿದರೆ ಕೇಳಲು. “ಬನ್ನಿ. ಅಡ್ಡ ಬರಬೇಡಿ” ಎಂದು ಫೋನ್ ಇಟ್ಟರು.

ಹೋದ. ಜೇಬಿನಿಂದ ಟೇಪು ತೆಗೆದಿಟ್ಟು ಹೋದ. ಮೊದಮೊದಲು ಕೈಯನ್ನು ಏನು ಮಾಡಬೇಕೋ ತಿಳಿಯದೆ ಮಂಡಿಯ ಮೇಲಿಟ್ಟುಕೊಂಡು ಕೂರುತ್ತಿದ್ದ, ಹೆಣ್ಣು ನೋಡಲು ಬಂದವನ ಹಾಗೆ. ಕೇಳದೆ ಯಾರ ಪಕ್ಕವೂ ಕೂರಲಿಲ್ಲ. ಬೇಡ ಅಂದವರ ಪಕ್ಕದಿಂದ ಎದ್ದು ಬಂದ. ಒಬ್ಬ ಮುದುಕ ತಲೆಯ ಮಾತು ಬಿಟ್ಟು ಮಿಕ್ಕೆಲ್ಲ ಹೇಳಿದ. ಕಾಲು ಮುರಿದ ಒಬ್ಬ ಚಾಲಕನಿಗೆ ನೀರಿಗಿಂತ ನರ್ಸುಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತ ತೊಳೆಯುವುದು ಹಿಂಸೆಯಂತೆ: “ತೊಳೆಯೋದು ನನ್ನ ತಲೆ, ಮಾತು ಮಾತ್ರ ಬೇರೆಯವರದು.” ಅಕ್ಕನಂತೆಯೇ ಎಲ್ಲರಿಗೂ ತಮ್ಮ ಕೈಯೇ ಬೇಕು ಎಂದು ಅವನು ತೀರ್ಮಾನಿಸಿಬಿಡುವುದರಲ್ಲಿದ್ದ. ಅಷ್ಟರಲ್ಲಿ ಕಿಟಕಿಯ ಬಳಿಯ ಅಜ್ಜಿಯೊಬ್ಬರು, “ನಂಗೆ ಬೇರೆಯವರೇ ತೊಳೀಲಿ ಮಗಾ. ನನ್ನ ತಲೆ ಯಾರಾದ್ರೂ ಮುಟ್ಟೋದು ಅದೊಂದೇ ಹೊತ್ತಲ್ಲಿ” ಎಂದರು. ಅವನು ಆ ಮಾತನ್ನು ಎತ್ತಿಕೊಂಡು ಮನೆಗೆ ಬಂದು ಅಕ್ಕನಿಗೆ ಹೇಳಿದ. ಅಕ್ಕ, “ಹಂಗಾದ್ರೆ ಎರಡೂ ಆಗೋ ಥರ ಮಾಡು. ನನ್ನೊಬ್ಬಳಿಗೇ ಮಾಡಿದ್ರೆ ಮತ್ತೆ ಅದೇ ತಪ್ಪು” ಅಂದಳು.

ಹಾಗೆ ಶುರುವಾಯಿತು. ಹಳೆಯ ಬೇಸಿನ್ನುಗಳ ಅಂಚನ್ನು ಗರಗಸದಿಂದ ಕೊಯ್ದು, ರಟ್ಟು ಅಂಟಿಸಿ, ಮೇಣ ಮೆತ್ತಿ, ಅಕ್ಕನ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತು ಅವನು ಕೇಳುತ್ತಿದ್ದ, ಅವಳು ಬೈಯುತ್ತಿದ್ದಳು. ಮೊಣಕೈ ಇಲ್ಲಿ ಬರತ್ತೆ, ಅಲ್ಲಿ ಅಲ್ಲ. ಪಕ್ಕದ ಅಂಚು ಬೇಕಾದಾಗ ಕಳಚೋ ಹಂಗಿರಲಿ. ನೀರಿನ ನಲ್ಲಿ ಹೆಬ್ಬೆರಳಿಗೆ ಸಿಗಬೇಕು, ತೋರುಬೆರಳಿಗಲ್ಲ, ಎಷ್ಟು ಸಲ ಹೇಳಬೇಕು ನಿಂಗೆ. ಕೆಲವು ದಿನ ಇಬ್ಬರೂ ಮಾತು ಬಿಟ್ಟರು. ಹೆಂಡತಿಯ ಅಣ್ಣ ಬಕೆಟ್ಟುಗಳನ್ನು ಮಾರಿ ಕಾರ್ಖಾನೆ ನಡೆಸುತ್ತಿದ್ದ, ಬಂದಾಗಲೆಲ್ಲ “ಸಂಶೋಧನೆ ಎಲ್ಲಿಗೆ ಬಂತು” ಎಂದು ಚುಚ್ಚುತ್ತಿದ್ದ, ಚುಚ್ಚಿ ಹೋಗುವಾಗ ಕಳಚುವ ಅಂಚಿನ ಕೀಲಿಗೆ ಬೇಕಾದ ರಬ್ಬರನ್ನು ತಾನೇ ತಂದು ಮೇಜಿನ ಮೇಲಿಟ್ಟಿರುತ್ತಿದ್ದ. ದೊಡ್ಡಾಸ್ಪತ್ರೆಗೆ ಬೇರೆಯವರು ಬೇಸಿನ್ನು ಕೊಟ್ಟರು ಎಂಬ ಸುದ್ದಿ ಬಂತು. ಅವನಿಗೆ ಒಂದು ಸಂಜೆ ಊಟ ಸೇರಲಿಲ್ಲ. ಮಾರನೆಯ ಬೆಳಿಗ್ಗೆ ಮತ್ತೆ ಗರಗಸ ಹಿಡಿದ.

ಹೊಸ ಬೇಸಿನ್ನು ಒಂದು ಆಕಾರಕ್ಕೆ ಬಂದ ದಿನ ಅಕ್ಕನ ಕೂದಲು ಬೆರಳುದ್ದ ಬೆಳೆದಿತ್ತು. ಹೆಂಡತಿ ಬಿಸಿನೀರಿನ ಡಬ್ಬವನ್ನು ಗೂಟಕ್ಕೆ ನೇತುಹಾಕಿದಳು, ಅವನು ಪೈಪು ಜೋಡಿಸಿದ, ಅಕ್ಕ ಹೆಬ್ಬೆರಳಿನಿಂದ ನಲ್ಲಿ ಒತ್ತಿ ನೋಡಿದಳು. ಇಬ್ಬರೂ ಎರಡು ಬದಿಗೆ ಸರಿದು, ಏನಾಗುತ್ತದೋ ಎಂದು ಬಗ್ಗಿ ನಿಂತರು.

“ಇಬ್ಬರೂ ಹೊರಗೆ ಹೋಗಿ. ಬಾಗಿಲು ಹಾಕ್ಕೊಂಡು ಹೋಗಿ” ಅಂದಳು ಅಕ್ಕ.

ಬಾಗಿಲು ಮುಚ್ಚಿತು. ಪಡಸಾಲೆಯಲ್ಲಿ ಅವನು ಆ ಬಾಗಿಲ ಮುಂದೆಯೇ ನಿಂತ. ಒಳಗೆ ನೀರು ಶುರುವಾಯಿತು. ಎಲ್ಲಿಗೆ ಹರಿಯುತ್ತಿದೆ, ತಗ್ಗಿಸಿದ ಅಂಚಿನಿಂದ ಎಷ್ಟು ಆಚೆ ಹೋಗುತ್ತಿದೆ, ನೊರೆ ಎಲ್ಲಿ ನಿಂತಿದೆ, ಕೀಲಿನಲ್ಲಿ ಸೋರುತ್ತಿದೆಯೋ: ಒಂದೊಂದು ಪ್ರಶ್ನೆಯೂ ಅಂಗೈಯಲ್ಲಿ ಕಡಿತವಾಗಿ ಎದ್ದಿತು. ಬಾಗಿಲಿನ ಸಂದು ಒಂದು ಕಣ್ಣಿಗೆ ಧಾರಾಳವಾಗಿ ಸಾಲುವಷ್ಟಿತ್ತು. ಅವನು ಅದನ್ನು ನೋಡಿದ. ಬೆನ್ನನ್ನು ಬಾಗಿಲ ಕಡೆ ಮಾಡಿ, ಎದುರು ಗೋಡೆಗೆ ಮುಖ ಮಾಡಿ ನಿಂತುಕೊಂಡ. ಒಳಗೆ ನೀರು ನಿಂತಿತು. ಏನೋ ಕೆಳಗೆ ಬಿತ್ತು, ಸೋಪಿನ ಡಬ್ಬಿ ಇರಬೇಕು. ಅಕ್ಕ ಯಾರನ್ನೂ ಕರೆಯಲಿಲ್ಲ. ಬೆರಳುಗಳು ಒದ್ದೆ ಕೂದಲನ್ನು ಉಜ್ಜುವ ಸದ್ದು, ನಿಧಾನ, ಅವಸರವೇ ಇಲ್ಲದ್ದು, ಬಹಳ ಹೊತ್ತು ಕೇಳಿಸುತ್ತಿತ್ತು. ನೀರು ಮತ್ತೆ ಶುರುವಾಯಿತು.

ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಮೆಲ್ಲನೆ ಕೇಳಿದಳು. “ಏನಂತೆ, ಸರಿಯಾಗಿದೆಯಂತಾ?”

“ಗೊತ್ತಿಲ್ಲ” ಅಂದ. “ಕರೆದಾಗ ಕೇಳೋಣ.”